ಅಂಕಿತನಿಷ್ಠೆ ಮತ್ತು ಕೃತಿಚೌರ್ಯ

ಕೃತಿಚೌರ್ಯವೆಂಬ ಮಾತು ಇಂದಿನ ವಿದ್ಯಾರ್ಥಿಯ ಕಿವಿಗೆ ಮೊದಲು ಬೀಳುವುದು ದಂಡನೆಯ ರೂಪದಲ್ಲಿ. ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೧೮ರಲ್ಲಿ ಹೊರಡಿಸಿದ ನಿಯಮಾವಳಿ ಈ ಅಪರಾಧವನ್ನು ಶೇಕಡಾವಾರು ಲೆಕ್ಕದಲ್ಲಿ ಅಳೆಯುತ್ತದೆ. ಪ್ರಬಂಧದಲ್ಲಿ ಶೇಕಡಾ ೧೦ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಹತ್ತನ್ನು ಮೀರಿ ೪೦ರವರೆಗೆ ಹೋಲಿಕೆ ಕಂಡುಬಂದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಒಪ್ಪಿಸಬೇಕು. ನಲವತ್ತನ್ನು ಮೀರಿ ೬೦ರವರೆಗಾದರೆ ಒಂದು ವರ್ಷ ಕಾಲ ಪ್ರಬಂಧವನ್ನು ಒಪ್ಪಿಸುವಂತಿಲ್ಲ. ಅರವತ್ತನ್ನೂ ದಾಟಿದರೆ ಸಂಶೋಧಕನ ನೋಂದಣಿಯೇ ರದ್ದಾಗುತ್ತದೆ. ನಿಯಮ ಬೇಕೇ ಬೇಕು, ಅದನ್ನು ಅಲ್ಲಗಳೆಯುವವರಿಲ್ಲ. ಆದರೆ ಶೇಕಡಾ ಒಂಬತ್ತನ್ನು ಕದ್ದವನು ಪ್ರಾಮಾಣಿಕನೇ ಎಂಬ ಪ್ರಶ್ನೆಗೆ ಈ ಲೆಕ್ಕದಲ್ಲಿ ಉತ್ತರವಿಲ್ಲ. ಇಂಗ್ಲಿಷಿನ ವಿಮರ್ಶಾಲೇಖನವೊಂದನ್ನು ಸದ್ದಿಲ್ಲದೆ ಕನ್ನಡಕ್ಕೆ ಇಳಿಸಿ ತನ್ನದೆಂದು ಒಪ್ಪಿಸಿದವನನ್ನು ಅಕ್ಷರ ಹೋಲಿಸುವ ಯಂತ್ರವು ಸುಲಭವಾಗಿ ಹಿಡಿಯಲಾರದು. ಭಯದಿಂದ ಕಲಿತ ಪ್ರಾಮಾಣಿಕತೆಯು ಯಂತ್ರದ ಕಣ್ಣು ತಪ್ಪುವಲ್ಲಿಗೆ ಮುಗಿದುಹೋಗುತ್ತದೆ. ಆದುದರಿಂದ ಈ ಪಾಠವನ್ನು ಎಲ್ಲಿಂದ ಆರಂಭಿಸಬೇಕೆಂಬುದು ವಿಚಾರಾರ್ಹವಾದ ವಿಷಯ.

ಕುಕನೂರಿನ ಒಬ್ಬ ಕನ್ನಡ ವಿದ್ಯಾರ್ಥಿಯನ್ನು ಎದುರಿಗಿಟ್ಟುಕೊಂಡು ಇದನ್ನು ಯೋಚಿಸಬಹುದು. ಅವನಿಗೆ ಈ ಪಾಠವನ್ನು ಹೇಳಿಕೊಡಲು ದೂರ ಹೋಗಬೇಕಾಗಿಲ್ಲ. ಊರಿನಲ್ಲಿಯೇ ರಾಷ್ಟ್ರಕೂಟರ ಕಾಲದ ನವಲಿಂಗ ದೇವಾಲಯವಿದೆ. ಕಲ್ಯಾಣ ಚಾಲುಕ್ಯರ ಕಾಲದ ಕಲ್ಲೇಶ್ವರ ದೇವಾಲಯವಿದೆ. ಕೆಲವೇ ಮೈಲಿಗಳಾಚೆ ಇಟಗಿಯಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವಿದೆ. ಅದನ್ನು ಶಾಸನವು ದೇವಾಲಯಗಳ ಚಕ್ರವರ್ತಿಯೆಂದು ಹೊಗಳಿದೆ. ಈ ಮೂರನ್ನೂ ಒಂದೇ ದಿನ ನೋಡಿ ಬಂದ ಹುಡುಗನಿಗೆ ಒಂದು ಸಂಗತಿ ತಾನಾಗಿ ಹೊಳೆಯುತ್ತದೆ. ಶಿಖರದ ಕಲ್ಪನೆ ಮೂಲತಃ ಒಂದೇ. ನವಲಿಂಗದಲ್ಲಿ ಹಳೆಯ ಪದ್ಧತಿಯ ಲಕ್ಷಣಗಳು ಎದ್ದು ಕಾಣುತ್ತವೆ. ಕಲ್ಲೇಶ್ವರದಲ್ಲಿ ಅಂತಸ್ತುಗಳ ಎತ್ತರ ಕುಗ್ಗಿ ಒಂದರೊಳಗೊಂದು ಬೆಸೆದುಕೊಳ್ಳತೊಡಗುತ್ತವೆ. ಇಟಗಿಯಲ್ಲಿ ಬಳಪದ ಕಲ್ಲಿನ ನಯವು ಶಿಲ್ಪಿಯ ಉಳಿಗೆ ಒಲಿದು, ಅದೇ ಕಲ್ಪನೆ ಬೇರೆಯೇ ಆದ ಸೌಂದರ್ಯವನ್ನು ತಾಳುತ್ತದೆ. ಹೆನ್ರಿ ಕಸಿನ್ಸರು ೧೯೨೬ರ ತಮ್ಮ ಗ್ರಂಥದಲ್ಲಿ ಚಾಲುಕ್ಯ ವಾಸ್ತುವಿನ ಬೆಳವಣಿಗೆಯನ್ನು ವಿವರಿಸುವಾಗ ಕಲ್ಲೇಶ್ವರ ದೇವಾಲಯವನ್ನು ಹಳತು ಹೊಸತುಗಳ ನಡುವಣ ಕೊಂಡಿಯಾಗಿ ಕಂಡುದು ಈ ಕಾರಣದಿಂದಲೇ. ಇಟಗಿಯ ಸ್ಥಪತಿಯು ಕುಕನೂರಿನ ಸ್ಥಪತಿಯಿಂದ ಕದ್ದನೆಂದು ಯಾರೂ ಹೇಳುವುದಿಲ್ಲ. ಕಲಿತನೆಂದು ಹೇಳುತ್ತಾರೆ. ಕಲಿಯುವುದಕ್ಕೂ ಕದಿಯುವುದಕ್ಕೂ ಇರುವ ಅಂತರ ಎಲ್ಲಿದೆ? ಈ ಪಾಠದ ಮೊದಲ ಪ್ರಶ್ನೆ ಇದು.

ಈ ಪ್ರಶ್ನೆಗೆ ಭಾರತೀಯ ಕಾವ್ಯಮೀಮಾಂಸೆ ಬಹು ಹಿಂದೆಯೇ ಉತ್ತರ ಕೊಟ್ಟಿದೆ. ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಕವಿಗಳ ನಡುವಣ ಹೋಲಿಕೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಕನ್ನಡಿಯಲ್ಲಿನ ಪ್ರತಿಬಿಂಬದಂತಹುದು ಒಂದು. ಅದಕ್ಕೆ ಸ್ವಂತ ಆತ್ಮವೆಂಬುದಿಲ್ಲ. ಬರೆದ ಚಿತ್ರದಂತಹುದು ಇನ್ನೊಂದು. ಅದರ ಆತ್ಮ ತೀರ ಅಲ್ಪವಾದುದು. ಮೂರನೆಯದು ಸಮಾನದೇಹಿಗಳಾದ ಇಬ್ಬರು ವ್ಯಕ್ತಿಗಳ ನಡುವಣ ಹೋಲಿಕೆ; ಅಲ್ಲಿ ಮೈಕಟ್ಟು ಹೋಲಿದರೂ ಜೀವ ಬೇರೆ. ಮೊದಲ ಎರಡನ್ನು ಕವಿ ಬಿಡಬೇಕು, ಮೂರನೆಯದನ್ನು ಬಿಡಬೇಕಾಗಿಲ್ಲವೆಂಬುದು ಆನಂದವರ್ಧನನ ತೀರ್ಮಾನ. ಮುಂದೆ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಶಬ್ದಹರಣ, ಅರ್ಥಹರಣಗಳಿಗೆ ಪ್ರತ್ಯೇಕ ಅಧ್ಯಾಯಗಳನ್ನೇ ಮೀಸಲಿಟ್ಟು ಈ ವಿಚಾರವನ್ನು ಇನ್ನಷ್ಟು ಸೂಕ್ಷ್ಮವಾಗಿ ಬೆಳೆಸಿದನು. ಕೃತಿಚೌರ್ಯದ ಚರ್ಚೆ ಪಶ್ಚಿಮದಿಂದ ಬಂದ ಹೊಸ ಕಟ್ಟಳೆಯೆಂದು ಭಾವಿಸುವವರು ಈ ಪುಟಗಳನ್ನು ಓದಿಲ್ಲವೆಂದೇ ಹೇಳಬೇಕು.

ಕನ್ನಡದ ನಿದರ್ಶನಕ್ಕೆ ಪಂಪ ರನ್ನರನ್ನು ನೋಡಬಹುದು. ರನ್ನನ ಗದಾಯುದ್ಧದ ಕಥಾವಸ್ತು ಪಂಪಭಾರತದ ೧೩ನೆಯ ಆಶ್ವಾಸದಲ್ಲಿ ಬೀಜರೂಪವಾಗಿದೆ. ಭಾಸನ ಊರುಭಂಗ, ಭಟ್ಟನಾರಾಯಣನ ವೇಣೀಸಂಹಾರಗಳ ನೆರಳೂ ಅದರ ಮೇಲೆ ಬಿದ್ದಿದೆ. ಹಾಗಿದ್ದರೂ ರನ್ನನ ದುರ್ಯೋಧನನು ಪಂಪನ ದುರ್ಯೋಧನನಲ್ಲ. ಪಂಪನಲ್ಲಿ ಒಂದು ಆಶ್ವಾಸದ ಅಳತೆಗೆ ನಿಂತ ಆ ಪಾತ್ರವು ರನ್ನನಲ್ಲಿ ಇಡೀ ಕಾವ್ಯವನ್ನು ತುಂಬಿ, ರಣಭೂಮಿಯ ಹೆಣಗಳ ನಡುವೆ ನಡೆದು, ಓದುಗನ ಮರುಕವನ್ನು ಗಳಿಸುತ್ತದೆ. ಇದು ಸಮಾನದೇಹಿಯಾದ ಹೋಲಿಕೆ. ಇನ್ನೊಬ್ಬರ ಲೇಖನದ ನಾಲ್ಕು ಪುಟಗಳನ್ನು ಎತ್ತಿಕೊಂಡು ಅಲ್ಲಲ್ಲಿ ಕ್ರಿಯಾಪದವನ್ನು ಬದಲಿಸಿದ ವಿದ್ಯಾರ್ಥಿಯದು ಬರೆದ ಚಿತ್ರದಂತಹ ಹೋಲಿಕೆ. ಏನನ್ನೂ ಬದಲಿಸದವನದು ಪ್ರತಿಬಿಂಬ. ಹೀಗೆ ತೂಗಿ ನೋಡುವುದನ್ನು ಕಲಿತ ವಿದ್ಯಾರ್ಥಿಗೆ ಶೇಕಡಾವಾರು ಲೆಕ್ಕದ ಅವಶ್ಯಕತೆ ಕಡಿಮೆಯಾಗುತ್ತದೆ.

ಆದರೆ ಪಡೆದುದಕ್ಕೆ ಹೊಸ ಜೀವ ಕೊಟ್ಟರೆ ಸಾಕೇ? ಪಡೆದುದು ಯಾರಿಂದ ಎಂಬುದನ್ನು ಹೇಳಬೇಡವೇ? ಈ ಎರಡನೆಯ ಪ್ರಶ್ನೆಗೆ ಕವಿರಾಜಮಾರ್ಗ ಅತ್ಯುತ್ತಮ ಉತ್ತರ. ಒಂಬತ್ತನೆಯ ಶತಮಾನದ ಈ ಗ್ರಂಥವು ಕನ್ನಡದ ತಿರುಳು ಎಲ್ಲಿದೆಯೆಂಬುದನ್ನು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳನ್ನು ಹೆಸರಿಸುತ್ತದೆ. ಕೊಪಣವೇ ಇಂದಿನ ಕೊಪ್ಪಳವೆಂದು ವಿದ್ವಾಂಸರು ಗುರುತಿಸಿದ್ದಾರೆ. ಈ ನಾಲ್ಕು ಊರುಗಳ ನಡುವಣ ನೆಲದಲ್ಲಿಯೇ ಕುಕನೂರೂ ಇದೆ. ಗ್ರಂಥದ ಬಹುಭಾಗಕ್ಕೆ ದಂಡಿಯ ಕಾವ್ಯಾದರ್ಶವೇ ಆಧಾರ. ಅನೇಕ ಪದ್ಯಗಳು ಅಲ್ಲಿಂದ ನೇರವಾಗಿ ಬಂದವು. ಆದರೂ ಇದು ದಂಡಿಯ ನೆರಳಾಗಿ ಉಳಿಯದೆ ಕನ್ನಡದ ನಾಡು, ನುಡಿ, ಜನ, ಕಾವ್ಯಪ್ರಕಾರಗಳ ಮೊದಲ ಆಕರವಾಯಿತು. ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದಿದೆ. ಅದು ತನ್ನ ಹಿಂದಿನ ಕನ್ನಡ ಲೇಖಕರನ್ನು ಹೆಸರಿಟ್ಟು ಸ್ಮರಿಸಿದೆ. ಗದ್ಯದಲ್ಲಿ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರು. ಪದ್ಯದಲ್ಲಿ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದವರು. ಇವರ ಕನ್ನಡ ಕೃತಿಗಳು ಕೈಗೆ ಸಿಕ್ಕಿಲ್ಲ. ಇವರಲ್ಲಿ ಹಲವರು ಕನ್ನಡದಲ್ಲಿ ಬರೆದಿದ್ದರೆಂಬುದಕ್ಕೆ ಆ ಸ್ಮರಣೆಯೊಂದೇ ಸಾಕ್ಷಿ. ಗ್ರಂಥಕಾರನು ಅವರಿಂದ ಪಡೆದುದನ್ನೆಲ್ಲ ತನ್ನದೆಂದು ಹೇಳಿ ಸುಮ್ಮನಾಗಿದ್ದರೆ ಕನ್ನಡ ಸಾಹಿತ್ಯಚರಿತ್ರೆಯ ಮೊದಲ ಪುಟವೇ ಬರಿದಾಗಿರುತ್ತಿತ್ತು. ಅಡಿಟಿಪ್ಪಣಿಯನ್ನು ಒಣ ಶಿಷ್ಟಾಚಾರವೆಂದು ಬಗೆಯುವ ವಿದ್ಯಾರ್ಥಿಗೆ ಈ ಒಂದು ಉದಾಹರಣೆ ಸಾಕು.

ಅದೇ ಗ್ರಂಥದ ಕರ್ತೃತ್ವದ ಚರ್ಚೆಯೂ ಬೋಧಪ್ರದವಾಗಿದೆ. ೧೮೯೮ರಲ್ಲಿ ಅದನ್ನು ಪ್ರಕಟಿಸಿದ ಕೆ. ಬಿ. ಪಾಠಕರು ನೃಪತುಂಗನೇ ಕರ್ತೃವೆಂದು ಭಾವಿಸಿದರು. ಗ್ರಂಥವು ನೃಪತುಂಗನ ಅನುಮತವನ್ನು ಪಡೆದುದು ಮಾತ್ರವೆಂದೂ ಬರೆದವನು ಶ್ರೀವಿಜಯನೆಂದೂ ಮುಂದಿನ ವಿದ್ವಾಂಸರು ವಾದಿಸಿದರು. ಇಂದು ಬಹುಜನ ಮನ್ನಿಸಿರುವುದು ಈ ಪಕ್ಷವನ್ನೇ. ಅರಸನ ಹೆಸರಿನ ಹಿಂದೆ ಮರೆಯಾಗಿದ್ದ ಕವಿಗೆ ಸಲ್ಲಬೇಕಾದುದನ್ನು ಸಲ್ಲಿಸಲು ವಿದ್ವಾಂಸರು ದಶಕಗಳ ಕಾಲ ಶ್ರಮಿಸಿದರೆಂದರೆ, ಯಾರ ಮಾತು ಯಾರದೆಂಬ ಪ್ರಶ್ನೆ ಎಷ್ಟು ಗುರುತರವಾದುದೆಂಬುದು ವ್ಯಕ್ತವಾಗುತ್ತದೆ.

ಇನ್ನು ವಚನ ಸಾಹಿತ್ಯಕ್ಕೆ ಬಂದರೆ ಈ ಪ್ರಶ್ನೆ ಬೇರೊಂದು ಆಳವನ್ನು ಪಡೆಯುತ್ತದೆ. ವಚನದ ಕೊನೆಗೆ ಬರುವ ಅಂಕಿತವು ಸಾಮಾನ್ಯವಾಗಿ ಇಷ್ಟದೈವದ ಹೆಸರು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುವಿಗೆ ಗುಹೇಶ್ವರ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ. ಇಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಆಕ್ಷೇಪವನ್ನು ಎತ್ತುವುದುಂಟು: ಶರಣರು ತಮ್ಮ ಹೆಸರನ್ನೇ ಹೇಳದೆ ದೇವರ ಹೆಸರಿನಲ್ಲಿ ನುಡಿದರು, ಅಂದಮೇಲೆ ವಚನ ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರ ಸ್ವತ್ತಾದುದನ್ನು ಎತ್ತಿಕೊಂಡರೆ ಕಳವು ಹೇಗಾದೀತು? ಈ ಆಕ್ಷೇಪ ಮೇಲುನೋಟಕ್ಕೆ ಸೊಗಸಾಗಿದೆ. ಆದರೆ ಇದು ಅಂಕಿತದ ಸ್ವರೂಪವನ್ನೇ ತಪ್ಪಾಗಿ ತಿಳಿದುದರ ಫಲ. ಶರಣರು ಬಿಟ್ಟುಕೊಟ್ಟುದು ಒಡೆತನದ ಅಹಂಕಾರವನ್ನು. ನುಡಿದ ಮಾತಿನ ಹೊಣೆಯನ್ನಲ್ಲ. ಹೊಣೆಯನ್ನೂ ಬಿಡುವುದಾಗಿದ್ದರೆ ಎಲ್ಲರೂ ಶಿವನೆಂಬ ಒಂದೇ ಹೆಸರಿನಲ್ಲಿ ನುಡಿಯಬಹುದಾಗಿತ್ತು. ಬೇರೆ ಬೇರೆ ಅಂಕಿತಗಳ ಅಗತ್ಯವಾದರೂ ಏನಿತ್ತು? ಒಬ್ಬೊಬ್ಬ ಶರಣನೂ ತನ್ನದೇ ಆದ ಅಂಕಿತವನ್ನು ಹಿಡಿದುದರಿಂದ, ಆ ದೈವದ ಸಮ್ಮುಖದಲ್ಲಿ ಈ ಮಾತನ್ನು ಆಡಿದವನು ತಾನೆಂಬ ಸಾಕ್ಷ್ಯ ಪ್ರತಿಯೊಂದು ವಚನದಲ್ಲಿಯೂ ಉಳಿಯಿತು. ಅಂಬಿಗರ ಚೌಡಯ್ಯನಂತೂ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡು ತನ್ನ ನಿಷ್ಠುರದ ಮಾತುಗಳಿಗೆ ತಾನೇ ಜವಾಬುದಾರನಾಗಿ ನಿಂತನು.

ಅಂಕಿತದಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಲಕ್ಕುಂಡಿಯವಳೆಂದು ಸಂಪ್ರದಾಯ ಹೇಳುವ ಮುಕ್ತಾಯಕ್ಕನ ಅಂಕಿತ ಅಜಗಣ್ಣ ತಂದೆ. ಅಜಗಣ್ಣ ಅವಳ ಒಡಹುಟ್ಟಿದ ಅಣ್ಣ; ಅರಿವಿನ ದಾರಿಯನ್ನು ತೋರಿದ ಗುರು. ಅಣ್ಣನ ಅಗಲಿಕೆಯ ದುಃಖದಲ್ಲಿ ಅಲ್ಲಮಪ್ರಭುವಿನೊಡನೆ ವಾದಿಸುವ ಆ ವಚನಗಳ ಚಿಂತನೆ ಮುಕ್ತಾಯಕ್ಕನದೇ, ಧ್ವನಿ ಅವಳದೇ. ಆದರೆ ಪ್ರತಿ ವಚನದ ಕೊನೆಗೂ, ಇದನ್ನು ತನಗೆ ಕೊಟ್ಟವನು ಇವನೆಂದು ಅವಳು ಹೇಳಿಯೇ ಮುಗಿಸುತ್ತಾಳೆ. ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಿಯೂ ದೈವದ ಹೆಸರಿನೊಡನೆ ಮಾರಯ್ಯನ ಹೆಸರು ಸೇರಿಕೊಂಡಿದೆ. ಹೀಗೆ ನೋಡಿದಾಗ ಅಂಕಿತವು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ: ಮಾತಿನ ಹೊಣೆಯನ್ನು ಹೊರುತ್ತದೆ, ಮಾತಿನ ಋಣವನ್ನು ಒಪ್ಪಿಕೊಳ್ಳುತ್ತದೆ. ಇಂದಿನ ಸಂಶೋಧನಾ ಶಿಸ್ತು ವಿದ್ಯಾರ್ಥಿಯಿಂದ ಕೇಳುವುದೂ ಈ ಎರಡನ್ನೇ. ಅದನ್ನು ಅಂಕಿತನಿಷ್ಠೆಯೆಂದು ಕರೆದರೆ ತಪ್ಪಾಗದು.

ಈ ನಿಷ್ಠೆಗೆ ಭಂಗ ಬರುವುದು ಮೂರು ಬಗೆಯಿಂದ. ಪರರ ಮಾತಿಗೆ ತನ್ನ ಹೆಸರನ್ನು ಹಚ್ಚುವುದು ಮೊದಲನೆಯದು. ಸಾಮಾನ್ಯವಾಗಿ ಕೃತಿಚೌರ್ಯವೆಂದು ಕರೆಯುವುದು ಇದನ್ನು ಮಾತ್ರ. ತನ್ನ ಮಾತಿಗೆ ಪರರ ಹೆಸರನ್ನು ಹಚ್ಚುವುದು ಎರಡನೆಯದು. ಇದು ವಿನಯದಂತೆ ಕಂಡರೂ ಪರಿಣಾಮದಲ್ಲಿ ಮೊದಲನೆಯದಕ್ಕಿಂತ ಕಡಿಮೆಯ ಅಪರಾಧವಲ್ಲ. ಸರ್ವಜ್ಞನ ತ್ರಿಪದಿಗಳ ಕಥೆ ಎಲ್ಲರೂ ಬಲ್ಲದ್ದು. ಮೂರು ಸಾಲು ಹೊಂದಿಸಿ ಸರ್ವಜ್ಞನೆಂಬ ಅಂಕಿತವನ್ನು ಸೇರಿಸಿದರೆ ಮಾತಿಗೆ ಬೆಲೆ ಬರುತ್ತದೆಂದು ಬಗೆದವರು ಕಾಲಕಾಲಕ್ಕೆ ಹುಟ್ಟಿಕೊಂಡರು. ೧೯೨೪ರಲ್ಲಿ ಸರ್ವಜ್ಞನ ವಚನಗಳನ್ನು ಶ್ರಮಪಟ್ಟು ಸಂಗ್ರಹಿಸಿ ಪ್ರಕಟಿಸಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರಿಗೂ ಅನಂತರದ ಸಂಪಾದಕರಿಗೂ ಸಾಚಾ ಖೋಟಾಗಳನ್ನು ಬೇರ್ಪಡಿಸುವುದೇ ದೊಡ್ಡ ತೊಡಕಾಯಿತು. ಬಸವಾದಿ ಶರಣರ ವಚನಗಳಲ್ಲಿಯೂ ಪ್ರಕ್ಷಿಪ್ತಗಳಿವೆ. ಒಂದೇ ವಚನ ಬೇರೆ ಬೇರೆ ಓಲೆಕಟ್ಟುಗಳಲ್ಲಿ ಬೇರೆ ಬೇರೆ ಅಂಕಿತಗಳಿಂದ ಬಂದಿರುವುದುಂಟು. ಕೂಡಲಸಂಗಮದೇವ ಮತ್ತು ಕೂಡಲಚೆನ್ನಸಂಗಮದೇವ ಎಂಬಂತಹ ಸಮೀಪದ ಅಂಕಿತಗಳು ಲಿಪಿಕಾರರ ಕೈಯಲ್ಲಿ ಅದಲು ಬದಲಾಗುವ ಅಪಾಯವೂ ಇತ್ತು. ಇಂದಾದರೋ ಕೃತಕ ಬುದ್ಧಿಮತ್ತೆಯ ಯಂತ್ರವನ್ನು ಕೇಳಿದರೆ ಕ್ಷಣಮಾತ್ರದಲ್ಲಿ ವಚನದ ಧಾಟಿಯ ನಾಲ್ಕು ಸಾಲು ಹೊಸೆದು ಬಸವಣ್ಣನವರ ಅಂಕಿತವನ್ನು ಹಾಕಿ ಕೊಡುತ್ತದೆ. ಅದನ್ನು ಆಕರವಿಲ್ಲದೆ ಪ್ರಬಂಧಕ್ಕೆ ಸೇರಿಸಿದ ವಿದ್ಯಾರ್ಥಿಯು ಯಾರದನ್ನೂ ಕದ್ದಿಲ್ಲವೆಂದು ನಂಬಿರಬಹುದು. ಆದರೆ ಶರಣರು ಆಡದ ಮಾತನ್ನು ಅವರ ಬಾಯಲ್ಲಿ ಇಟ್ಟ ದೋಷ ಅವನಿಗೆ ತಟ್ಟುತ್ತದೆ. ಒಂದು ಪ್ರಬಂಧದಿಂದ ಇನ್ನೊಂದಕ್ಕೆ, ಅಲ್ಲಿಂದ ಭಾಷಣಕ್ಕೆ, ಭಾಷಣದಿಂದ ಪಠ್ಯಕ್ಕೆ ಅದು ಹರಿದುಹೋದ ಮೇಲೆ ತಿದ್ದುವವರು ಯಾರು?

ಮೂರನೆಯ ಬಗೆ ಇನ್ನೂ ಸೂಕ್ಷ್ಮ. ಕರ್ತೃವಿನ ಹೆಸರನ್ನು ಹಾಗೆಯೇ ಉಳಿಸಿ ಮಾತನ್ನು ಬದಲಿಸುವುದು ಅದರ ಲಕ್ಷಣ. ಇದಕ್ಕೆ ಹತ್ತಿರದ ಕಾಲದ ನಿದರ್ಶನ ಮಾತೆ ಮಹಾದೇವಿಯವರ ಬಸವ ವಚನ ದೀಪ್ತಿ. ಆ ಸಂಕಲನದಲ್ಲಿ ಬಸವಣ್ಣನವರ ವಚನಗಳ ಕೂಡಲಸಂಗಮದೇವ ಎಂಬ ಅಂಕಿತದ ಸ್ಥಾನದಲ್ಲಿ ಲಿಂಗದೇವ ಎಂಬುದನ್ನು ಇಡಲಾಗಿತ್ತು. ಕರ್ನಾಟಕ ಸರಕಾರವು ೧೯೯೮ರಲ್ಲಿ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ನ್ಯಾಯಾಲಯದಲ್ಲಿ ಈ ವಿವಾದ ನಡೆದುದು ಭಕ್ತರ ಧಾರ್ಮಿಕ ಭಾವನೆಗೆ ನೋವಾಯಿತೆಂಬ ನೆಲೆಯಲ್ಲಿ. ಕೃತಿಸ್ವಾಮ್ಯದ ನೆಲೆಯಲ್ಲಾಗಲಿ ಗ್ರಂಥಸಂಪಾದನೆಯ ನೆಲೆಯಲ್ಲಾಗಲಿ ಅಲ್ಲ. ಭಾವನೆಯ ಪ್ರಶ್ನೆ ಅದರ ಸ್ಥಾನದಲ್ಲಿರಲಿ. ಸಾಹಿತ್ಯದ ವಿದ್ಯಾರ್ಥಿಗೆ ಮೊದಲು ಏಳಬೇಕಾದುದು ಪಾಠದ ಪ್ರಶ್ನೆ. ಸಂಪಾದಕನಿಗೆ ಲಿಂಗದೇವ ಎಂಬುದೇ ಸರಿಯಾದ ಅಂಕಿತವೆಂದು ತೋರಿದ್ದರೆ ಅದನ್ನು ಪ್ರಸ್ತಾವನೆಯಲ್ಲಿ ವಾದಿಸಬಹುದು, ಟಿಪ್ಪಣಿಯಲ್ಲಿ ಸೂಚಿಸಬಹುದು. ಓಲೆಗರಿಗಳು ಹೇಳುವ ಪಾಠವನ್ನು ಮಾತ್ರ ತೆಗೆದುಹಾಕುವಂತಿಲ್ಲ. ಯಾವ ಭಾವನೆಗೂ ನೋವಾಗದಿದ್ದರೂ ಈ ನಿಯಮ ನಿಯಮವೇ. ಜನಪ್ರಿಯವಾದ ತಿದ್ದುಪಡಿಯೂ ಅಪ್ರಿಯವಾದ ತಿದ್ದುಪಡಿಯೂ ಈ ದೃಷ್ಟಿಯಲ್ಲಿ ಒಂದೇ.

ಇಲ್ಲಿ ಶೂನ್ಯಸಂಪಾದನೆಯನ್ನು ಎದುರುದಾಹರಣೆಯಾಗಿ ತರುವವರಿದ್ದಾರೆ. ಶಿವಗಣಪ್ರಸಾದಿ ಮಹದೇವಯ್ಯನು ಮೊದಲು ಸಂಕಲಿಸಿದ ಆ ಗ್ರಂಥವನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯರು ಒಬ್ಬರಾದ ಮೇಲೊಬ್ಬರು ಪರಿಷ್ಕರಿಸಿದರು. ಇದು ಕೃತಿಚೌರ್ಯವಾಗದೆ ಪರಿಷ್ಕರಣವಾದುದು ಹೇಗೆ? ಸಂವಾದದ ಚೌಕಟ್ಟು, ನಡುನಡುವಣ ಗದ್ಯ, ಪ್ರಸಂಗಗಳ ಜೋಡಣೆ ಇವು ಸಂಪಾದನಕಾರರವು. ಅವುಗಳ ನಡುವೆ ನಿಂತ ವಚನಗಳಾದರೋ ತಮ್ಮ ತಮ್ಮ ಅಂಕಿತಗಳೊಡನೆಯೇ ನಿಂತಿವೆ. ಸಾವಿರಕ್ಕೂ ಮಿಕ್ಕ ವಚನಗಳನ್ನು ಬಳಸಿಕೊಂಡ ಗ್ರಂಥದಲ್ಲಿ ಅಲ್ಲಮನ ಮಾತು ಅಲ್ಲಮನದಾಗಿಯೇ, ಬಸವಣ್ಣನವರ ಮಾತು ಬಸವಣ್ಣನವರದಾಗಿಯೇ ಉಳಿದಿದೆ. ಸಂವಾದದ ಅನುಕೂಲಕ್ಕಾಗಿ ಕೆಲವೆಡೆ ಪಾಠವನ್ನು ತಿದ್ದಿರಬಹುದೆಂಬ ಸಂಶಯವನ್ನು ವಿದ್ವಾಂಸರು ವ್ಯಕ್ತಪಡಿಸಿದ್ದಾರೆ. ಆ ಸಂಶಯವನ್ನು ಪರಂಪರೆಯ ಗೌರವಕ್ಕಾಗಿ ಮುಚ್ಚಿಡಬೇಕಾದುದೇನೂ ಇಲ್ಲ. ಹಾಗೆ ಸಂಶಯಿಸಲು ಸಾಧ್ಯವಾದುದೂ ಅಂಕಿತಗಳು ಉಳಿದು, ಬೇರೆ ಆಕರಗಳೊಡನೆ ಹೋಲಿಸಿ ನೋಡುವ ಅವಕಾಶ ಇದ್ದುದರಿಂದಲೇ. ಭೀಮಕವಿಯ ಮಾದರಿಯೂ ಇಲ್ಲಿ ಸ್ಮರಣೀಯ. ೧೩೬೯ರ ತನ್ನ ಬಸವಪುರಾಣಕ್ಕೆ ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿ ಮೂಲವೆಂಬುದನ್ನು ಅವನು ಮರೆಮಾಚಲಿಲ್ಲ. ಹಾಗೆ ಒಪ್ಪಿಕೊಂಡುದರಿಂದ ಕನ್ನಡ ಬಸವಪುರಾಣದ ಗೌರವಕ್ಕೆ ಕುಂದೇನೂ ಬರಲಿಲ್ಲ.

ಇಷ್ಟನ್ನು ತಿಳಿದ ವಿದ್ಯಾರ್ಥಿಗೆ ಈಗ ಕಾನೂನನ್ನು ಹೇಳಬಹುದು. ಭಾರತದ ಕೃತಿಸ್ವಾಮ್ಯ ಅಧಿನಿಯಮ ೧೯೫೭ರದು. ಲೇಖಕನ ಜೀವಿತಕಾಲವೂ ಮರಣಾನಂತರದ ೬೦ ವರ್ಷಗಳೂ ಅದರ ಅವಧಿ. ಮೊದಲು ೫೦ ಇದ್ದುದನ್ನು ೧೯೯೨ರಲ್ಲಿ ೬೦ಕ್ಕೆ ಏರಿಸಲಾಯಿತು. ಕಾನೂನು ರಕ್ಷಿಸುವುದು ಅಭಿವ್ಯಕ್ತಿಯನ್ನು, ವಿಚಾರವನ್ನಲ್ಲ; ೧೯೭೮ರಲ್ಲಿ ಆರ್. ಜಿ. ಆನಂದ್ ಅವರ ನಾಟಕಕ್ಕೆ ಸಂಬಂಧಿಸಿದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಸ್ಪಷ್ಟಪಡಿಸಿತು. ಅಧ್ಯಯನ, ವಿಮರ್ಶೆ, ಪಾಠಪ್ರವಚನಗಳಿಗೆ ೫೨ನೆಯ ಕಲಮು ಉದಾರವಾದ ಅವಕಾಶ ಕೊಟ್ಟಿದೆ. ಅದರ ಆಧಾರದಿಂದಲೇ ೨೦೧೬ರಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ವಿದ್ಯಾರ್ಥಿಗಳಿಗಾಗಿ ಪಠ್ಯಭಾಗಗಳನ್ನು ನಕಲು ಮಾಡಿಕೊಡುವುದು ಅಪರಾಧವಲ್ಲವೆಂದಿತು. ೫೭ನೆಯ ಕಲಮು ಇವೆಲ್ಲಕ್ಕಿಂತ ಅಂಕಿತದ ಕಲ್ಪನೆಗೆ ಸಮೀಪವಾದುದು. ಲೇಖಕನು ತನ್ನ ಕೃತಿಸ್ವಾಮ್ಯವನ್ನು ಮಾರಿಕೊಂಡ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ, ಅದನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕು ಅವನಿಗೆ ಉಳಿದಿರುತ್ತದೆ. ಒಡೆತನ ಹೋದರೂ ಕರ್ತೃತ್ವ ಹೋಗದು.

ಕರ್ನಾಟಕದಲ್ಲಿಯೇ ಹುಟ್ಟಿದ ವ್ಯಾಜ್ಯವೊಂದು ಈ ಕಾನೂನಿನ ಎರಡೂ ಮುಖಗಳನ್ನು ತೋರುತ್ತದೆ. ಶಿವರಾಮ ಕಾರಂತರು ಯಕ್ಷಗಾನವನ್ನು ಬ್ಯಾಲೆಯಾಗಿ ಹೊಸದಾಗಿ ರೂಪಿಸಿದರು. ೧೯೯೭ರಲ್ಲಿ ಅವರು ತೀರಿಕೊಂಡ ಮೇಲೆ, ಮಣಿಪಾಲದ ಶಿಕ್ಷಣಸಂಸ್ಥೆಯ ವತಿಯಿಂದ ನಡೆದ ಪ್ರದರ್ಶನದ ಕುರಿತು ಉಯಿಲಿನ ಪ್ರಕಾರ ಹಕ್ಕು ಪಡೆದವರು ದಾವೆ ಹೂಡಿದರು. ೨೦೦೯ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೃತಿಸ್ವಾಮ್ಯವನ್ನು ಮಾನ್ಯಮಾಡಿತು. ಆದರೆ ಶಿಕ್ಷಣಸಂಸ್ಥೆಗಳು ತಮ್ಮ ಚಟುವಟಿಕೆಯ ಅಂಗವಾಗಿ ಕಾನೂನು ಹೇಳಿದ ಪರಿಮಿತ ಪ್ರೇಕ್ಷಕರ ಮುಂದೆ ಆಡಿಸುವುದಕ್ಕೆ ಇರುವ ವಿನಾಯಿತಿಯನ್ನೂ ಎತ್ತಿಹೇಳಿತು. ಪುರಾಣದ ಕಥೆ ಯಾರೊಬ್ಬರದೂ ಅಲ್ಲ; ಕಾರಂತರು ಅದಕ್ಕೆ ಕೊಟ್ಟ ರೂಪ ಕಾರಂತರದು. ಸಮಾನದೇಹಿಯಾದ ಹೋಲಿಕೆಯಲ್ಲಿ ಜೀವ ಬೇರೆಯೆಂದು ಆನಂದವರ್ಧನನು ಹೇಳಿದುದನ್ನು ಆಧುನಿಕ ಕಾನೂನು ತನ್ನ ಭಾಷೆಯಲ್ಲಿ ಹೇಳುತ್ತಿದೆ. ಬೌದ್ಧಿಕ ಸ್ವತ್ತು ಒಬ್ಬ ವ್ಯಕ್ತಿಯದೇ ಆಗಿರಬೇಕೆಂದೂ ಇಲ್ಲ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರ ಮರದ ಗೊಂಬೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಅಲ್ಲಿ ರಕ್ಷಣೆ ಪಡೆದುದು ಊರಿನ ಹೆಸರು. ಅದರ ಹಿಂದಿರುವ ತಲೆಮಾರುಗಳ ಕೈಚಳಕ.

ಆದರೆ ಕಾನೂನು ಎಲ್ಲಿ ನಿಲ್ಲುತ್ತದೆಂಬುದನ್ನೂ ಹೇಳದಿದ್ದರೆ ಪಾಠ ಪೂರ್ತಿಯಾಗದು. ಇದಕ್ಕೆ ಫ. ಗು. ಹಳಕಟ್ಟಿಯವರ ಉದಾಹರಣೆ ಮನಮುಟ್ಟುವಂತಹುದು. ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಮನೆಮನೆ, ಮಠಮಠಗಳಿಗೆ ಅಲೆದು ಓಲೆಕಟ್ಟುಗಳನ್ನು ಕೂಡಿಸಿದರು. ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ನಡೆಸಿದರು. ೧೯೨೬ರಿಂದ ಶಿವಾನುಭವ ಪತ್ರಿಕೆಯನ್ನು ಪ್ರಕಟಿಸಿದರು. ಅವರು ಲಿಂಗೈಕ್ಯರಾದುದು ೧೯೬೪ರಲ್ಲಿ. ಜೀವಿತಕಾಲದಲ್ಲಿ ಅವರು ಪ್ರಕಟಿಸಿದ ಸ್ವಂತ ಬರಹಗಳ ಕೃತಿಸ್ವಾಮ್ಯದ ಅವಧಿ ೨೦೨೪ರ ಕೊನೆಗೆ ಮುಗಿದಿದೆ. ಇಂದು ಯಾರು ಬೇಕಾದರೂ ಅವುಗಳನ್ನು ಅಚ್ಚುಮಾಡಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಅವರ ಪ್ರಸ್ತಾವನೆಯ ಒಂದು ಪುಟವನ್ನು ತನ್ನ ಹೆಸರಿನಲ್ಲಿ ಒಪ್ಪಿಸಿದ ವಿದ್ಯಾರ್ಥಿ ಅಂದಿಗೂ ಕಳ್ಳನೇ, ಇಂದಿಗೂ ಕಳ್ಳನೇ. ಕೃತಿಸ್ವಾಮ್ಯಕ್ಕೆ ಅವಧಿಯಿದೆ, ಋಣಕ್ಕೆ ಅವಧಿಯಿಲ್ಲ. ಕೃತಿಸ್ವಾಮ್ಯದ ಉಲ್ಲಂಘನೆ ಮತ್ತು ಕೃತಿಚೌರ್ಯ ಎಂಬ ಎರಡು ಬೇರೆ ಬೇರೆ ದೋಷಗಳನ್ನು ವಿದ್ಯಾರ್ಥಿಗಳು ಒಂದೆಂದು ಬಗೆಯುವುದು ಈ ಅಂತರವನ್ನು ಯಾರೂ ತಿಳಿಸದಿರುವುದರಿಂದ. ಹೆಸರು ಹೇಳಿಯೂ ಇಡೀ ಪುಸ್ತಕವನ್ನು ಅಪ್ಪಣೆಯಿಲ್ಲದೆ ಅಚ್ಚುಹಾಕಿದವನು ಮೊದಲನೆಯ ದೋಷಕ್ಕೆ ಗುರಿಯಾಗುತ್ತಾನೆ. ಯಾರ ಸ್ವಾಮ್ಯಕ್ಕೂ ಸೇರದ ಮಾತನ್ನು ಹೆಸರು ಹೇಳದೆ ತನ್ನದಾಗಿಸಿಕೊಂಡವನು ಎರಡನೆಯದಕ್ಕೆ.

ಆದುದರಿಂದ ತರಗತಿಯಲ್ಲಿ ಮಾಡಬೇಕಾದ ಕೆಲಸ ಸರಳವಾದುದು. ವಚನವನ್ನು ಉದ್ಧರಿಸುವ ವಿದ್ಯಾರ್ಥಿಯು ವಚನಕಾರರ ಹೆಸರಿನೊಡನೆ ಆಕರಗ್ರಂಥ, ಸಂಪಾದಕರು, ಮುದ್ರಣದ ವರ್ಷ, ವಚನದ ಸಂಖ್ಯೆ ಇವನ್ನು ಕೊಡಬೇಕು. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರಕಾರವು ೧೯೯೩ರಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳ ೧೫ ಸಂಪುಟಗಳು ಇರುವಾಗ ಇದು ಕಷ್ಟವಲ್ಲ. ಪಾಠಾಂತರವನ್ನು ಗುರುತಿಸಿದವರು ಬೇರೊಬ್ಬ ಸಂಪಾದಕರಾದರೆ ಅವರ ಹೆಸರನ್ನೂ ಹೇಳಬೇಕು. ಹತ್ತು ಓಲೆಪ್ರತಿಗಳನ್ನು ನೋಡಿ ಅವರು ನಿರ್ಣಯಿಸಿದ ಒಂದು ಅಕ್ಷರವೂ ಅವರ ದುಡಿಮೆ. ಮಾತನ್ನು ಯಥಾವತ್ತಾಗಿ ಎತ್ತಿದರೆ ಉದ್ಧರಣಚಿಹ್ನೆ ಇರಬೇಕು. ವಿಚಾರವನ್ನು ಮಾತ್ರ ಪಡೆದು ತನ್ನ ಮಾತಿನಲ್ಲಿ ಹೇಳಿದರೆ ಚಿಹ್ನೆ ಬೇಡ, ಹೆಸರು ಬೇಕು. ಬೇರೆ ಭಾಷೆಯಿಂದ ಇಳಿಸಿಕೊಂಡುದಾದರೆ ಅದನ್ನೂ ತಿಳಿಸಬೇಕು. ಆಕರ ಸಿಗದ ವಚನವನ್ನು, ಅದೆಷ್ಟೇ ಸೊಗಸಾಗಿದ್ದರೂ, ಬಿಡಬೇಕು. ಇದನ್ನು ಕಲಿಸುವ ಅಧ್ಯಾಪಕನೂ ತಾನು ಬರೆಯಿಸುವ ಟಿಪ್ಪಣಿಯ ಆಕರವನ್ನು ಹೇಳುವ ಅಭ್ಯಾಸವಿಟ್ಟುಕೊಳ್ಳಬೇಕು. ಗುರುವಿನ ಟಿಪ್ಪಣಿಗೆ ಆಕರವಿಲ್ಲದಿರುವಲ್ಲಿ ಶಿಷ್ಯನ ಪ್ರಬಂಧಕ್ಕೆ ಅದು ಎಲ್ಲಿಂದ ಬಂದೀತು?

ವಚನ ಎಲ್ಲರ ಸ್ವತ್ತೆಂಬ ಆಕ್ಷೇಪಕ್ಕೆ ಶರಣರ ಚರಿತ್ರೆಯಲ್ಲಿಯೇ ಇನ್ನೂ ಒಂದು ಉತ್ತರವಿದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ರಾಯಚೂರು ಸೀಮೆಯ ಅಮರೇಶ್ವರದವರು. ಕುಕನೂರೂ ೧೯೯೭ರವರೆಗೆ ರಾಯಚೂರು ಜಿಲ್ಲೆಗೇ ಸೇರಿತ್ತು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದು ಯಾರೂ ಕಾಯುವ ಅಕ್ಕಿಯಲ್ಲ, ನೆಲಕ್ಕೆ ಬಿದ್ದುದು, ಆಯ್ದವನದು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಕಂಡು, ದಿನದ ಅಳತೆಗೆ ಮೀರಿದುದನ್ನು ತಂದಲ್ಲಿಗೇ ಸುರಿದು ಬರುವಂತೆ ಗಂಡನನ್ನು ಕಳಿಸಿದಳೆಂದು ಚರಿತ್ರೆ ಹೇಳುತ್ತದೆ. ಕೊಟ್ಟವರು ಲೆಕ್ಕ ಕೇಳಲಿಲ್ಲ, ಶಿಕ್ಷಿಸುವವರೂ ಇರಲಿಲ್ಲ. ತನ್ನ ಕಾಯಕದಿಂದ ಬಂದುದೆಷ್ಟು, ಬಾರದುದೆಷ್ಟು ಎಂಬುದನ್ನು ಲಕ್ಕಮ್ಮ ತಾನೇ ಬಲ್ಲಳು. ಶರಣರ ನುಡಿಗಳೂ ಹಿಂದಿನ ವಿದ್ವಾಂಸರ ದುಡಿಮೆಯೂ ಎಲ್ಲರಿಗಾಗಿ ಚೆಲ್ಲಿದ ಅಕ್ಕಿಯೇ ಸರಿ. ವಿದ್ಯಾರ್ಥಿ ಅದನ್ನು ನಿಸ್ಸಂಕೋಚವಾಗಿ ಆಯ್ದುಕೊಳ್ಳಲಿ. ತನ್ನ ಪ್ರಬಂಧವನ್ನು ಒಪ್ಪಿಸುವ ಮುನ್ನ, ಇದರಲ್ಲಿ ತನ್ನ ಕಾಯಕದಿಂದ ಬಂದುದೆಷ್ಟೆಂದು ಒಮ್ಮೆ ಅಳೆದುನೋಡಿ, ಉಳಿದುದನ್ನು ಅದರ ಒಡೆಯರ ಹೆಸರಿಗೆ ಸುರಿದು ಬರಲಿ. ಅಷ್ಟನ್ನು ಕಲಿಸಿದ ವಿದ್ಯಾಲಯವು ವಚನ ಸಾಹಿತ್ಯವನ್ನು ನಿಜವಾಗಿ ಕಲಿಸಿದಂತಾಗುತ್ತದೆ.